ಹಲಗೆ ತೊಳೆದ ದಿನ

ಈ ಕೆಲಸಕ್ಕೆ ಬರಬೇಕೆಂದಿರುವವರು ಮೊದಲು ತಮ್ಮ ಮೂಗಿನ ಜೊತೆ ಒಂದು ಒಪ್ಪಂದಕ್ಕೆ ಬರಬೇಕು. ನಾನು ಇಪ್ಪತ್ತೊಂದು ವರ್ಷ ಐರ್ಲೆಂಡಿನ ವೆಸ್ಟ್ ಕಾರ್ಕ್‌ನಲ್ಲಿ, ಸಮುದ್ರಕ್ಕೆ ಹತ್ತಿರದ ಒಂದು ಫಾರ್ಮಿನಲ್ಲಿ, ಹಸುವಿನ ಹಾಲಿನ ಚೀಸ್ ಮಾಡಿದವಳು. ಪಿಜ್ಜಾದ ಮೇಲೆ ಉದುರಿಸುತ್ತಾರಲ್ಲ, ಆ ಚೀಸ್ ಅಲ್ಲ. ನಮ್ಮದು ದೋಸೆ ಹಂಚಿಗಿಂತ ಸ್ವಲ್ಪ ಚಿಕ್ಕದಾದ ದಪ್ಪ ಬಿಲ್ಲೆ. ಹೊರಗೆ ಕಿತ್ತಳೆ ಬಣ್ಣದ ಅಂಟಂಟು ಸಿಪ್ಪೆ, ಒಳಗೆ ಬೆಣ್ಣೆಯಂಥ ತಿರುಳು. ವಾಸನೆ ಮಾತ್ರ ಎರಡು ದಿನ ಒಣಗದ ಕಾಲುಚೀಲದ್ದು. ನನ್ನ ಯಜಮಾನರು ಕಾರ್ಕ್‌ನ ಆಸ್ಪತ್ರೆಯಲ್ಲಿ ಡಾಕ್ಟರ್. "ನಾನು ಮೂಸದೇ ಇರೋ ವಾಸನೆ ಇಲ್ಲ ಕಣೇ, ಆದ್ರೂ ನೀನು ಆ ಕೋಟನ್ನ ಗ್ಯಾರೇಜಲ್ಲೇ ಬಿಚ್ಚಿಟ್ಟು ಬಾ" ಅನ್ನುತ್ತಿದ್ದರು. ಆದರೆ ಆ ರುಚಿ! ಮೊದಲ ಸಲ ನಾಲಗೆಗೆ ಇಟ್ಟಾಗ ಹಾಲು ಇಷ್ಟೆಲ್ಲಾ ಮಾತಾಡಬಲ್ಲದೇ ಎಂದು ನಾನು ದಂಗಾಗಿದ್ದೆ. ಈಗ ನಿವೃತ್ತಳಾಗಿ ಮನೆಯಲ್ಲಿ ಕೂತು ಬರೆಯುವಾಗಲೂ ಬಾಯಲ್ಲಿ ನೀರು ಬರುತ್ತಿದೆ.

ಕರ್ನಾಟಕದಿಂದ ಫುಡ್ ಸೈನ್ಸ್ ಓದಲು ಬಂದ ಮಕ್ಕಳು ಆಗಾಗ ಫೋನ್ ಮಾಡುತ್ತಾರೆ. "ಆಂಟಿ, ಈ ಲೈನಲ್ಲಿ ಗ್ರೋತ್ ಹೇಗಿದೆ?" ಎಂಬುದು ಮೊದಲ ಪ್ರಶ್ನೆ. ನಮ್ಮ ಕೋಣೆಯಲ್ಲಿ ಇದ್ದದ್ದೇ ಮೂರು ಜನ. ಬಡ್ತಿ ಕೊಟ್ಟರೂ ಹೋಗುವುದೆಲ್ಲಿಗೆ? ಬೆಳೆಯುವುದೆಲ್ಲಾ ಚೀಸಿನ ಸಿಪ್ಪೆಯ ಮೇಲೆ. ಆದ್ದರಿಂದ ಅದನ್ನು ಬಿಟ್ಟು ಉಳಿದದ್ದನ್ನು ಹೇಳುತ್ತೇನೆ, ನಾನು ಮಾಡಿದ ಎಡವಟ್ಟುಗಳನ್ನೂ ಸೇರಿಸಿ.

ನಾನು ಊರಲ್ಲಿದ್ದಾಗ ಹಾಸನದ ಕಡೆ ಒಂದು ಹಾಲಿನ ಡೈರಿಯ ಲ್ಯಾಬಿನಲ್ಲಿದ್ದೆ. ಹಾಲಿಗೆ ನೀರು ಬೆರೆಸಿದ್ದಾರೋ ಇಲ್ಲವೋ ಎಂದು ನೋಡುವುದು, ಜಿಡ್ಡು ಅಳೆಯುವುದು, ರಿಜಿಸ್ಟರಿನಲ್ಲಿ ಬರೆಯುವುದು. ಯಜಮಾನರಿಗೆ ಇಲ್ಲಿ ಕೆಲಸ ಸಿಕ್ಕು ಕಾರ್ಕ್ ಪಕ್ಕದ ಬ್ಯಾಲಿನ್‌ಕೊಲಿಗ್‌ಗೆ ಬಂದ ಮೇಲೆ ಎರಡು ವರ್ಷ ಮನೆಯಲ್ಲಿ ಕೂತೆ. ಮಗಳು ಮೇಘನಾ ಸ್ಕೂಲಿಗೆ ಹೋದ ಮೇಲೆ ಗೋಡೆಗಳ ಜೊತೆ ಮಾತಾಡುವ ಸ್ಥಿತಿಗೆ ಬಂದಿದ್ದೆ. ಒಂದು ಶನಿವಾರ ಸಂತೆಯಲ್ಲಿ ಚೀಸ್ ಮಾರುತ್ತಿದ್ದ ಹೆಂಗಸಿನ ಮೇಜಿನ ಮೇಲೆ 'ಕೆಲಸಕ್ಕೆ ಜನ ಬೇಕು' ಎಂಬ ಚೀಟಿ ಕಂಡಿತು. ಆಕೆಯೇ ನೋರಾ. ಆಗ ಐವತ್ತೈದರ ಆಸುಪಾಸು, ಗಂಡನನ್ನು ಕಳೆದುಕೊಂಡು, ಮಗ ಡೊನಾಲ್‌ನೊಂದಿಗೆ ನಲವತ್ತು ಹಸು ಮತ್ತು ಒಂದು ಚೀಸ್ ಕೋಣೆ ನಡೆಸುತ್ತಿದ್ದಳು. ಆಕೆಯ ಇಂಗ್ಲಿಷನ್ನು ನಾನಿಲ್ಲಿ ನನ್ನ ಕನ್ನಡಕ್ಕೆ ಇಳಿಸಿಕೊಂಡೇ ಬರೆಯುತ್ತೇನೆ.

"ಓದಿದೀಯಾ?" ಎಂದಳು.

"ಡೈರಿ ಟೆಕ್ನಾಲಜಿ ಡಿಗ್ರಿ ಇದೆ" ಎಂದು ಹೆಮ್ಮೆಯಿಂದ ಹೇಳಿದೆ.

ನೋರಾಳ ಮುಖ ಸಪ್ಪಗಾಯಿತು. "ಅದೇ ಕಷ್ಟ. ಡಿಗ್ರಿ ಇರೋರು ಕೈಗೆ ಸಿಕ್ಕಿದ್ದನ್ನೆಲ್ಲಾ ತೊಳೀತಾರೆ."

ಆ ಮಾತು ಅವತ್ತು ನನಗೆ ತಮಾಷೆಯಾಗಿ ಕಂಡಿತ್ತು. ಹೋಗಲಿ ಒಂದು ತಿಂಗಳು ನೋಡೋಣ ಎಂದು ಸೇರಿಸಿಕೊಂಡಳು. ಅದು ಫೆಬ್ರವರಿ, ಹಸುಗಳು ಸಾಲು ಸಾಲಾಗಿ ಕರು ಹಾಕುವ ಕಾಲ. ಡೊನಾಲ್ ಆಗತಾನೇ ಈದ ಹಸುವಿನ ಹಳದಿ ಹಾಲನ್ನು ಕರುಗಳಿಗೆ ಕುಡಿಸಿ, ಮಿಕ್ಕಿದ್ದನ್ನು ಹಂದಿಯ ಬಕೆಟ್ಟಿಗೆ ಸುರಿಯಲು ಹೊರಟಿದ್ದ. ನಾನು ಚೀರಿಬಿಟ್ಟೆ. ಗಿಣ್ಣಿನ ಹಾಲನ್ನು ಹಂದಿಗೆ ಹಾಕುವುದೇ! ಅವನ ಕೈಯಿಂದ ಬಕೆಟ್ ಕಸಿದುಕೊಂಡು, ಮಾರನೇ ದಿನ ಮನೆಯಿಂದ ಬೆಲ್ಲ ಏಲಕ್ಕಿ ತಂದು, ನೋರಾಳ ಅಡುಗೆಮನೆಯಲ್ಲೇ ಹಬೆಯಲ್ಲಿ ಬೇಯಿಸಿ ಗಿಣ್ಣು ಮಾಡಿದೆ. ನೋರಾ ಒಂದು ತುಂಡು ಬಾಯಿಗಿಟ್ಟಳು. ಆಮೇಲೆ, "ನಮ್ಮಮ್ಮ ಈ ಹಾಲಲ್ಲೇ ಪ್ಯಾನ್‌ಕೇಕ್ ಹಾಕ್ತಿದ್ಲು. ಅವಳು ಹೋದ್ಮೇಲೆ ಯಾರೂ ಮಾಡಿಲ್ಲ" ಎಂದು ತಟ್ಟೆಯನ್ನು ಮತ್ತೆ ಮುಂದೆ ಚಾಚಿದಳು. ಆ ತಿಂಗಳು ಮುಗಿದದ್ದು ನಮ್ಮಿಬ್ಬರಿಗೂ ನೆನಪಾಗಲಿಲ್ಲ.

ಮೊದಲ ದೊಡ್ಡ ಎಡವಟ್ಟು ಬಿಂದಿಯದು. ತಲೆಗೆ ಬಲೆಟೋಪಿ, ಕೈಗೆ ಗ್ಲೌಸು, ಬಳೆ ಉಂಗುರ ಎಲ್ಲಾ ತೆಗೆದಿಟ್ಟು ಒಳಗೆ ಹೋಗಬೇಕು. ಒಂದು ಬೆಳಿಗ್ಗೆ ಹಾಲು ಹೆಪ್ಪಾಗಿ, ಚಾಕುವಿನಿಂದ ಕತ್ತರಿಸಿ, ತೊಟ್ಟಿಯ ಮೇಲೆ ಬಗ್ಗಿ ಕೈಯಾಡಿಸುವಾಗ ಹಣೆ ಮುಟ್ಟಿಕೊಂಡರೆ ಬಿಂದಿ ಇಲ್ಲ! ತೊಟ್ಟಿಯೊಳಗೇ ಬಿದ್ದಿದೆ ಎಂದು ಗೋಳಾಡಿದೆ. ನೋರಾ ನೀರು ಬಸಿದಳು, ಮೂರೂ ಜನ ಸೇರಿ ಇಡೀ ತೊಟ್ಟಿಯನ್ನು ಬೆರಳಲ್ಲಿ ಜಾಲಾಡಿದೆವು. ಸಿಗಲಿಲ್ಲ. ಅವತ್ತಿನ ಹಾಲೆಲ್ಲಾ ಹಂದಿಗಳಿಗೆ ಹೋಯಿತು. ಸಾಯಂಕಾಲ ಬಟ್ಟೆ ಬದಲಿಸಲು ಹೋದರೆ ಬಿಂದಿ ಕನ್ನಡಿಯ ಮೂಲೆಯಲ್ಲಿ ಕೂತು ನನ್ನನ್ನೇ ನೋಡುತ್ತಿದೆ. ಬೆಳಿಗ್ಗೆ ಮುಖ ತೊಳೆಯುವಾಗ ನಾನೇ ಅಂಟಿಸಿದ್ದೆ, ನಮ್ಮ ಹೆಂಗಸರೆಲ್ಲಾ ಮಾಡುವ ಹಾಗೆ! ನೋರಾಳಿಗೆ ಹೋಗಿ ಹೇಳಿದೆ. ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕು, "ತಪ್ಪು ಆದ ದಿನವೇ ಹೇಳಿದ್ರೆ ಅದು ಕತೆ. ಮಾರನೇ ದಿನ ಹೇಳಿದ್ರೆ ತಕರಾರು" ಎಂದಳು. ಮರುದಿನದಿಂದ ನಮ್ಮ ಕನ್ನಡಿಯ ಪಕ್ಕ ಒಂದು ಚಿಕ್ಕ ಸಾಸರ್ ಬಂತು, ನನ್ನ ಬಿಂದಿಗೆಂದೇ.

ಈಗ ಕೆಲಸದ ಗುಟ್ಟಿಗೆ ಬರುತ್ತೇನೆ. ಇಷ್ಟು ತಿಳಿದರೆ ಮುಂದಿನದೆಲ್ಲಾ ತಿಳಿಯುತ್ತದೆ. ಬಿಲ್ಲೆಗಳು ಮಾಗುವ ಕೋಣೆಯಲ್ಲಿ ಮರದ ಹಲಗೆಗಳ ಮೇಲೆ ವಾರಗಟ್ಟಲೆ ಕೂತಿರುತ್ತವೆ. ದಿನ ಬಿಟ್ಟು ದಿನ ಒಂದೊಂದನ್ನೂ ಉಪ್ಪುನೀರಿನ ಬಟ್ಟೆಯಲ್ಲಿ ಒರೆಸಿ ಮಗುಚಬೇಕು. ಮೊದಲು ಹಳೆಯ ಬಿಲ್ಲೆ, ಆಮೇಲೆ ಅದೇ ನೀರು ಅದೇ ಬಟ್ಟೆಯಿಂದ ಹೊಸ ಬಿಲ್ಲೆ. ಹಳೆಯದರ ಸಿಪ್ಪೆಯಲ್ಲಿರುವ ಕಣ್ಣಿಗೆ ಕಾಣದ ಜೀವ ಹೊಸದಕ್ಕೆ ಹತ್ತಿಕೊಂಡು, ಅದನ್ನೂ ಕಿತ್ತಳೆ ಬಣ್ಣಕ್ಕೆ ತಿರುಗಿಸುತ್ತದೆ. ಒಂದು ಮಣ್ಣಿನ ಜಾಡಿಯಲ್ಲಿದ್ದ ಆ ಉಪ್ಪುನೀರು ಯಾವತ್ತೂ ಪೂರ್ತಿ ಖಾಲಿಯಾಗಿರಲಿಲ್ಲ. ನಮ್ಮ ಮನೆಗಳಲ್ಲಿ ನಿನ್ನೆಯ ಮೊಸರನ್ನು ಒಂದು ಚಮಚ ತೆಗೆದಿಟ್ಟು ಇವತ್ತಿನ ಹಾಲಿಗೆ ಹೆಪ್ಪು ಹಾಕುವುದಿಲ್ಲವೇ? ಅದೇ ಇದು. ನೋರಾಳ ಹೆಪ್ಪು ಆಕೆ ಮದುವೆಯಾಗಿ ಬಂದಾಗಿನಿಂದ ಕಡಿದಿರಲಿಲ್ಲ. ಹಲಗೆಗಳಿಗೂ ಅದೇ ಜೀವ ಹತ್ತಿತ್ತು. ಅವನ್ನು ಬರೀ ತಣ್ಣೀರಲ್ಲಿ ಉಜ್ಜಬೇಕು, ಸೋಪು ಸೋಕಿಸಕೂಡದು.

ನಾನು ಓದಿದ್ದು ಇದಕ್ಕೆ ತದ್ವಿರುದ್ಧ. ಹಳೆಯದರಿಂದ ಹೊಸದಕ್ಕೆ ಬಟ್ಟೆ ಆಡಿಸಿದರೆ ಒಂದರ ರೋಗ ಎಲ್ಲಕ್ಕೂ ಹರಡುತ್ತದೆ ಎಂದು ನಾನು, ಹರಡಲೇಬೇಕಾದದ್ದೂ ಇದೆಯಲ್ಲ ಎಂದು ಆಕೆ. ಒಂದು ವರ್ಷ ಜಗಳವಾಡಿದೆವು. ಕೊನೆಗೆ ಒಂದು ರಾಜಿಯಾಯಿತು: ಒರೆಸುವುದು ನೋರಾಳ ಕ್ರಮದಲ್ಲೇ, ಆದರೆ ಪ್ರತಿ ತಿಂಗಳು ಸಿಪ್ಪೆಯ ಮಾದರಿ ಲ್ಯಾಬಿಗೆ. ಹಾಲಿನ ಬಿಸಿಯನ್ನು ಆಕೆ ಮೊಣಕೈ ಅದ್ದಿ ಹೇಳುತ್ತಿದ್ದಳು, ನಾನು ಥರ್ಮಾಮೀಟರ್ ಅದ್ದುತ್ತಿದ್ದೆ. ಒಮ್ಮೆ ಎರಡಕ್ಕೂ ತಾಳೆಯಾಗಲಿಲ್ಲ. ನಾನು ಥರ್ಮಾಮೀಟರನ್ನೇ ಹಿಡಿದು ವಾದಿಸಿದೆ. ಆಮೇಲೆ ನೋಡಿದರೆ ಕೆಟ್ಟಿದ್ದು ಅದೇ. ಆಕೆ ಒಂದು ವಾರ ನನ್ನ ಕಣ್ಣಿಗೆ ಬಿದ್ದಾಗಲೆಲ್ಲಾ ಮೊಣಕೈ ಎತ್ತಿ ತೋರಿಸುತ್ತಿದ್ದಳು.

ಹೀಗೆ ಹತ್ತೊಂಬತ್ತು ವರ್ಷ ಕಳೆದು ಎರಡು ಸಾವಿರದ ಇಪ್ಪತ್ತರ ಮಾರ್ಚ್ ಬಂತು. ನಮ್ಮ ಚೀಸ್ ಹೋಗುತ್ತಿದ್ದದ್ದು ಬಹುಪಾಲು ಹೋಟೆಲುಗಳಿಗೆ. ಅವು ಒಂದೇ ವಾರದಲ್ಲಿ ಬಾಗಿಲು ಹಾಕಿದವು. ಫೋನು ತೆಪ್ಪಗಾಯಿತು. ಆದರೆ ಹಸುಗಳಿಗೆ ಲಾಕ್‌ಡೌನ್ ಎಂದರೆ ಏನು ಗೊತ್ತು? ವಸಂತದ ಹಸಿ ಹುಲ್ಲು ಮೇಯ್ದು ಬಕೆಟ್ ಬಕೆಟ್ ಹಾಲು ಕೊಡುತ್ತಿದ್ದವು. ಹೆಚ್ಚಿನ ಹಾಲನ್ನು, ಹಾಲು ಕೊಳ್ಳುವ ಕ್ರೀಮರಿಯ ಲಾರಿಗೆ ಕೊಟ್ಟು, ದಿನಕ್ಕೆ ಸ್ವಲ್ಪವಾದರೂ ಚೀಸ್ ಮಾಡೋಣ, ಸಾಲು ಕಡಿಯಬಾರದು ಎಂದು ನೋರಾ ನಿರ್ಧರಿಸಿದಳು. ಆಕೆಗೆ ಆಗ ಎಪ್ಪತ್ತು ದಾಟಿತ್ತು. ಸರ್ಕಾರದ ಮಾತಿನಂತೆ ಹೊರಗೆ ಕಾಲಿಡುವಂತಿಲ್ಲ. ಅಂಗಳದ ಆಚೆಯ ಮನೆಯಲ್ಲಿ, ಕಿಟಕಿಯ ಹಿಂದೆ ಕುರ್ಚಿ ಹಾಕಿಕೊಂಡು ಕೂತಳು. ಕೂರುವ ಮೊದಲು ಮಾಗುವ ಕೋಣೆಯ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು, "ಹುಡುಗಿಯರನ್ನ ನೋಡ್ಕೋ" ಎಂದಳು. ಬಿಲ್ಲೆಗಳನ್ನು ಆಕೆ ಕರೆಯುತ್ತಿದ್ದದ್ದು ಹಾಗೆ.

ಮಾಗಿದ ಬಿಲ್ಲೆಗಳು ಕಾಯುವುದಿಲ್ಲ, ಮೆತ್ತಗಾಗಿ ಹರಿದುಬಿಡುತ್ತವೆ. ಅವನ್ನೆಲ್ಲಾ ಹಂಚಿಬಿಡೋಣ ಎಂದು ನಾನೇ ಹೇಳಿದೆ. ಮಗಳು ಮೇಘನಾ ಅಷ್ಟರಲ್ಲಿ ಡಬ್ಲಿನ್ನಿನ ಆಸ್ಪತ್ರೆ ಬ್ಯೂಮಾಂಟ್‌ನಲ್ಲಿ ಡಾಕ್ಟರಾಗಿದ್ದಳು. ಅವಳ ವಾರ್ಡಿನವರಿಗೆ ನಾಲ್ಕು ಪೆಟ್ಟಿಗೆ ಕಳಿಸಿದೆ. ಬ್ಯಾಲಿನ್‌ಕೊಲಿಗ್‌ನ ಕನ್ನಡದವರ ಮನೆ ಮನೆಗೆ ಒಂದೊಂದು ಬಿಲ್ಲೆಯನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಬಾಗಿಲಲ್ಲಿಟ್ಟು ಬೆಲ್ ಒತ್ತಿ ಓಡಿಬಂದೆ. ಎಷ್ಟು ಸಂತೋಷವಾಗಿತ್ತೆಂದರೆ ಹಬ್ಬದಲ್ಲಿ ಎಳ್ಳುಬೆಲ್ಲ ಬೀರಿದ ಹಾಗಿತ್ತು. ಹಲಗೆಯ ಮೇಲೆ ಉಳಿದದ್ದು ಎಳೆಯ ಬಿಲ್ಲೆಗಳು ಮಾತ್ರ.

ಆ ವಾರವೇ ಡೊನಾಲ್‌ಗೆ ಜ್ವರ ಬಂತು. ಹಿಂದಿನ ದಿನ ಪಂಪ್ ರಿಪೇರಿಗೆಂದು ಅವನು ಚೀಸ್ ಕೋಣೆಗೆ ಬಂದಿದ್ದ, ಮಾಗುವ ಕೋಣೆಯಲ್ಲೂ ಓಡಾಡಿ ಕೆಮ್ಮಿದ್ದ. ಟೆಸ್ಟ್ ರಿಪೋರ್ಟ್ ಬರಲು ದಿನಗಳು ಬೇಕು ಎಂದರು. ನನ್ನ ಮನೆಯಲ್ಲಿ ಯಜಮಾನರು ಆಸ್ಪತ್ರೆಯಿಂದ ಬಂದು ಮಹಡಿಯ ಕೋಣೆಯಲ್ಲಿ ಬೇರೆಯೇ ಇದ್ದರು, ತಟ್ಟೆಯನ್ನು ಮೆಟ್ಟಿಲ ಮೇಲಿಡುತ್ತಿದ್ದೆ. ಮಗಳು ಫೋನಿನಲ್ಲಿ ಎರಡು ಮಾತಿಗಿಂತ ಹೆಚ್ಚು ಆಡುತ್ತಿರಲಿಲ್ಲ. ಅಂಗಡಿಯಿಂದ ತಂದ ಕೊತ್ತಂಬರಿ ಸೊಪ್ಪನ್ನೂ ಸೋಪಿನಲ್ಲಿ ತೊಳೆಯುತ್ತಿದ್ದ ದಿನಗಳು ಅವು. ನನಗೆ ಭಯ ನೆತ್ತಿಗೇರಿತ್ತು. ನೋರಾಳಿಗೆ ಇದು ತಗುಲಿದರೆ ಗತಿಯೇನು ಎಂಬುದೊಂದೇ ತಲೆಯಲ್ಲಿ.

ಅವತ್ತು ನಾನೊಬ್ಬಳೇ. ಬ್ಲೀಚ್ ಡಬ್ಬ ತೆಗೆದೆ. ನೆಲ, ಗೋಡೆ, ಬಾಗಿಲ ಹಿಡಿ. ಅಲ್ಲಿಗೇ ನಿಲ್ಲಿಸಬಹುದಿತ್ತು. ಕೈ ನಿಲ್ಲಲಿಲ್ಲ. ಹಲಗೆಗಳನ್ನೂ ಇಳಿಸಿ, ಬ್ರಷ್ಷಿನಿಂದ ಬ್ಲೀಚಿನಲ್ಲಿ ಗಸಗಸ ಉಜ್ಜಿ, ಅಂಗಳದ ಗೋಡೆಗೆ ಒರಗಿಸಿ ಬಿಸಿಲಿಗಿಟ್ಟೆ. ಬಟ್ಟೆಗಳನ್ನು ಕುದಿಸಿದೆ. ಜಾಡಿಯ ಉಪ್ಪುನೀರನ್ನು ಮೋರಿಗೆ ಚೆಲ್ಲಿ, ಜಾಡಿಗೂ ಬ್ಲೀಚ್ ಹಾಕಿದೆ. ಎಳೆಯ ಬಿಲ್ಲೆಗಳನ್ನೂ ಬಿಡಲಿಲ್ಲ, ವಿನೆಗರ್ ನೀರಿನಲ್ಲಿ ಒಂದೊಂದನ್ನೂ ಒರೆಸಿದೆ. ಡಿಗ್ರಿ ಇರುವವಳು ಕೈಗೆ ಸಿಕ್ಕಿದ್ದನ್ನೆಲ್ಲಾ ತೊಳೆದೇಬಿಟ್ಟೆ! ಮನೆಗೆ ಬರುವ ದಾರಿಯಲ್ಲಿ, ಮ್ಯಾಕ್ರೂಮ್ ಊರು ದಾಟುತ್ತಿದ್ದ ಹಾಗೆ, ನಾನು ಏನು ಮಾಡಿದೆ ಎಂಬುದು ಹೊಳೆಯಿತು. ಕಾರು ಪಕ್ಕಕ್ಕೆ ನಿಲ್ಲಿಸಿ ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಕೂತೆ.

ಡೊನಾಲ್‌ನದು ಬರೀ ಫ್ಲೂ ಎಂದು ಮೂರು ದಿನಕ್ಕೆ ಗೊತ್ತಾಯಿತು.

ಹತ್ತು ದಿನದಲ್ಲಿ ಬಿಲ್ಲೆಗಳ ಮೇಲೆ ಬೆಕ್ಕಿನ ಕೂದಲಿನಂಥ ಬೂದು ಬೂಷ್ಟು ಎದ್ದಿತು. ಕಿತ್ತಳೆಯ ಸುಳಿವಿಲ್ಲ. ಆ ನಾತವೂ ಇಲ್ಲ. ಇಷ್ಟು ವರ್ಷ ಗ್ಯಾರೇಜಿನಲ್ಲಿ ಕೋಟು ಬಿಚ್ಚಿಸಿದ ಆ ನಾತಕ್ಕಾಗಿ ನಾನು ಕೋಣೆಯ ಮೂಲೆ ಮೂಲೆ ಮೂಸುತ್ತಾ ಓಡಾಡಿದೆ. ಬರೀ ಈಜುಕೊಳದ ವಾಸನೆ.

ಬೆಳಿಗ್ಗೆ ನಾನು ಬಂದ ಕೂಡಲೇ ನೋರಾ ಕಿಟಕಿಯ ಹಿಂದಿನಿಂದ ಫೋನ್ ಮಾಡುವುದು ವಾಡಿಕೆ. ಗಾಜಿನ ಆಚೆ ಆಕೆ, ಈಚೆ ಅಂಗಳದಲ್ಲಿ ನಾನು, ಇಬ್ಬರ ಕಿವಿಯಲ್ಲೂ ಫೋನು.

"ಹುಡುಗಿಯರು ಹೇಗಿದಾರೆ?"

"ಗ್ರ್ಯಾಂಡ್, ನೋರಾ. ಎಲ್ಲಾ ಗ್ರ್ಯಾಂಡ್."

ಈ ದೇಶದಲ್ಲಿ ಆ ಒಂದು ಪದ ಎಲ್ಲಕ್ಕೂ ಆಗುತ್ತದೆ. ಕಾಲು ಮುರಿದವನೂ ಗ್ರ್ಯಾಂಡ್ ಅನ್ನುತ್ತಾನೆ. ಹದಿಮೂರು ದಿನ ನಾನು ಅದನ್ನೇ ಹೇಳಿದೆ. ಆಕೆ ತಲೆಯಾಡಿಸಿ, ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ಸರಿ ಹಾಗಾದ್ರೆ" ಎಂದು ಫೋನಿಡುತ್ತಿದ್ದಳು. ನನಗೆ ಊಟ ಸೇರುತ್ತಿರಲಿಲ್ಲ. ಕೆಲಸ ಹೋಗುತ್ತದೆ ಎಂಬ ಭಯಕ್ಕಲ್ಲ. ಬೀಗದ ಕೈ ಕೊಟ್ಟವಳ ಹೆಪ್ಪನ್ನು ನನ್ನ ಕೈಯಾರೆ ಮೋರಿಗೆ ಚೆಲ್ಲಿದ್ದೆನಲ್ಲ, ಆ ಮುಖ ನೋಡಿಕೊಂಡು ಅದನ್ನು ಹೇಳುವುದು ಹೇಗೆ?

ಪ್ಯಾಕೆಟ್ಟಿನಲ್ಲಿ ಬರುವ ಕಾರ್ಖಾನೆಯ ಹೆಪ್ಪನ್ನು ತರಿಸಬಹುದಿತ್ತು. "ಅಮ್ಮ, ಜಸ್ಟ್ ಆರ್ಡರ್ ಇಟ್ ಆನ್‌ಲೈನ್, ಲೈಕ್" ಎಂದಳು ಮೇಘನಾ, ತನ್ನ ಕಾರ್ಕ್ ರಾಗದಲ್ಲಿ. ತರಿಸಿದರೆ ಚೀಸ್ ಆಗುತ್ತದೆ, ಆದರೆ ಯಾರ ಮನೆಯದೋ ಚೀಸ್. ನನಗೆ ಬೇಕಾದದ್ದು ನೋರಾಳದು. ಹಂಚಿದ ಬಿಲ್ಲೆಗಳಲ್ಲಿ ಒಂದರ ಸಿಪ್ಪೆಯಾದರೂ ಎಲ್ಲೋ ಉಳಿದಿರಬಹುದಲ್ಲ! ಇದು ಹೊಳೆದ ಕೂಡಲೇ ಫೋನ್ ಹಿಡಿದು ಕೂತೆ.

"ನಿಮ್ಮ ವಾರ್ಡಿನಲ್ಲಿ ಒಂದು ಚೂರು ಸಿಪ್ಪೆ ಉಳಿದಿದ್ಯೇನೇ?"

"ಉಳ್ಯೋದಾ? ಅಮ್ಮ, ಇಟ್ ವಾಸ್ ಗಾನ್ ಇನ್ ಟೆನ್ ಮಿನಿಟ್ಸ್. ದೇ ಏಟ್ ದ ಸ್ಕಿನ್ ಅಂಡ್ ಆಲ್."

ಬ್ಯಾಲಿನ್‌ಕೊಲಿಗ್‌ನ ಮನೆಗಳಿಗೆಲ್ಲಾ ಮಾಡಿದೆ. ಒಬ್ಬರು ಪರೋಟದಲ್ಲಿ ತುಂಬಿದ್ದರು. ಇನ್ನೊಬ್ಬರು ಸಿಪ್ಪೆ ಕೆಟ್ಟಿದೆಯೆಂದು ಹೆರೆದು ಕಸಕ್ಕೆ ಹಾಕಿ, ಕಸದ ಗಾಡಿಯೂ ಹೋಗಿತ್ತು. ಕೊನೆಗೆ ಉಳಿದದ್ದು ನಮ್ಮ ಹಿಂದಿನ ರಸ್ತೆಯ ಪದ್ಮಕ್ಕ. ಮೈಸೂರಿನವರು, ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಭಾನುವಾರ ಮಕ್ಕಳಿಗೆ ಕನ್ನಡ ಹೇಳಿಕೊಡುವವರು. ನಮ್ಮ ಚೀಸನ್ನು ಕಂಡರೆ ಮೂಗು ಮುಚ್ಚಿಕೊಳ್ಳುವವರು.

"ಪದ್ಮಕ್ಕಾ, ನಾನು ಕೊಟ್ಟ ಚೀಸ್ ಏನ್ ಮಾಡಿದ್ರಿ?"

"ಅದೂ..." ಎಂದು ರಾಗ ಎಳೆದರು.

"ನಿಜ ಹೇಳಿ, ಬೇಜಾರಿಲ್ಲ. ಬಿಸಾಕಿದ್ರಾ?"

"ಛೆ ಛೆ! ನೀನು ಪ್ರೀತಿಯಿಂದ ಕೊಟ್ಟಿದ್ದನ್ನ ಬಿಸಾಕ್ತೀನಾ? ತಪ್ಪು ತಿಳ್ಕೋಬೇಡ ವಸಂತಾ. ತಿನ್ನೋಕೆ ಆಗ್ಲಿಲ್ಲ. ಹಾಲು ಗಟ್ಟಿಯಾಗೋಕೆ ಕರು ಹೊಟ್ಟೇದು ಏನೋ ಹಾಕ್ತಾರಂತಲ್ಲ..."

"ನಮ್ಮದಕ್ಕೆ ಹಾಕಲ್ಲ ಅಂತ ನೂರು ಸಲ ಹೇಳಿದೀನಿ. ಈಗ ಅದು ಎಲ್ಲಿದೆ?"

"ಬೇರೆಯವ್ರಿಗೆ ಕೊಡೋಣ ಅಂದ್ರೆ ಲಾಕ್‌ಡೌನು. ಡಬ್ಬಿ ವಾಪಸ್ ಕೊಡೋಣ ಅಂದ್ರೆ ಖಾಲಿ ಡಬ್ಬಿ ಕೊಡೋಕಾಗುತ್ತಾ? ಒಂದಿಷ್ಟು ಸಕ್ಕರೆನಾದ್ರೂ ಹಾಕ್ಬೇಕು. ಅವತ್ತು ಅಂಗಡೀಲಿ ಸಕ್ಕರೆನೂ ಸಿಗ್ಲಿಲ್ಲ. ಅದಕ್ಕೇ ಹಾಗೇ..."

"ಹಾಗೇ?"

"ಹಿತ್ತಲ ಶೆಡ್ಡಲ್ಲಿ ಇಟ್ಟಿದೀನಿ ಕಣೇ. ಹುಲ್ಲು ಕತ್ತರಿಸೋ ಮಷೀನ್ ಪಕ್ಕ."

ನಾನು ಮನೆಯ ಚಪ್ಪಲಿಯಲ್ಲೇ ಓಡಿದೆ. ಪದ್ಮಕ್ಕ ಡಬ್ಬಿಯನ್ನು ಕಾಂಪೌಂಡಿನ ಮೇಲಿಟ್ಟು, ಸೆರಗಿನಿಂದ ಮೂಗು ಮುಚ್ಚಿಕೊಂಡು ಎರಡು ಮೀಟರ್ ದೂರ ನಿಂತಿದ್ದರು. ಮುಚ್ಚಳ ತೆಗೆದೆ. ಅಬ್ಬಾ, ಆ ನಾತ! ಕಣ್ಣಲ್ಲಿ ನೀರು ಬಂತು, ನಾತಕ್ಕೂ ಹೌದು, ಸಂತೋಷಕ್ಕೂ ಹೌದು. ಒಳಗಿನ ತಿರುಳು ಕರಗಿ ಹರಿದಿತ್ತು, ಆದರೆ ಸಿಪ್ಪೆ ಕಿತ್ತಳೆ ಬಣ್ಣದಲ್ಲಿ ಜಿಗಿಜಿಗಿ ಹೊಳೆಯುತ್ತಿತ್ತು. ಬದುಕಿತ್ತು! ತಣ್ಣನೆಯ, ತೇವದ ಶೆಡ್ಡು ಅದನ್ನು ಕಾಪಾಡಿತ್ತು. ನಾನು ಡಬ್ಬಿಯನ್ನು ಎದೆಗೊತ್ತಿಕೊಂಡು ರಸ್ತೆಯಲ್ಲೇ ಕುಣಿದೆ.

"ಏನಾಯ್ತೇ ನಿಂಗೆ?" ಎಂದರು ಪದ್ಮಕ್ಕ ಗಾಬರಿಯಿಂದ.

"ಹೆಪ್ಪು ಸಿಕ್ತು ಪದ್ಮಕ್ಕಾ, ಹೆಪ್ಪು!"

ಮಾರನೇ ಬೆಳಿಗ್ಗೆ ದಾರಿಯಲ್ಲಿ ಪೊಲೀಸ್ ತಪಾಸಣೆ. ಆಹಾರ ತಯಾರಿಕೆಯವಳು ಎಂಬ ಪತ್ರ ನನ್ನ ಬಳಿ ಇತ್ತು. ಅದನ್ನು ತೋರಿಸಲು ಕಿಟಕಿಯ ಗಾಜು ಇಳಿಸಿದೆ. ಪಕ್ಕದ ಸೀಟಿನಲ್ಲಿ ಬೆಲ್ಟ್ ಹಾಕಿ ಕೂರಿಸಿದ್ದ ಡಬ್ಬಿಯ ಗಾಳಿ ಆ ಪೊಲೀಸ್ ಹುಡುಗನ ಮಾಸ್ಕಿನೊಳಗೂ ಹೋಗಿರಬೇಕು. ಎರಡು ಮೀಟರ್ ಸಾಲದೆ ನಾಲ್ಕು ಮೀಟರ್ ಹಿಂದೆ ಸರಿದು, "ಯು'ರ್ ಗ್ರ್ಯಾಂಡ್, ಗೋ ಆನ್, ಗೋ ಆನ್" ಎಂದು ಕೈಬೀಸಿದ. ಪತ್ರ ನೋಡಲೇ ಇಲ್ಲ.

ಉಳಿದ ದಾರಿಯಲ್ಲಿ ಒಂದು ಯೋಚನೆ ತಲೆ ಹೊಕ್ಕಿತು. ಈಗ ಯಾರಿಗೂ ಹೇಳಬೇಕಾಗಿಯೇ ಇಲ್ಲವಲ್ಲ! ಸಿಪ್ಪೆಯನ್ನು ಉಪ್ಪುನೀರಿನಲ್ಲಿ ಕದಡಿ, ಹೊಸ ಬಿಲ್ಲೆಗಳಿಗೆ ಒರೆಸಿದರೆ ಒಂದೆರಡು ತಿಂಗಳಲ್ಲಿ ಎಲ್ಲಾ ಮೊದಲಿನಂತೆ. ನೋರಾ ಹೊರಗೆ ಬರುವಷ್ಟರಲ್ಲಿ ಕಿತ್ತಳೆ ಸಾಲು ಸಿದ್ಧ. ಬೂಷ್ಟು ಹಿಡಿದವು ಹಂದಿಗಳ ಹೊಟ್ಟೆಯಲ್ಲಿ. ಹಲಗೆಗಳೂ ನಿಧಾನಕ್ಕೆ ಮೊದಲಿನ ಕಂದು ಬಣ್ಣಕ್ಕೆ ಬರುತ್ತವೆ. ಅಂಗಳದಲ್ಲಿ ಕಾರು ನಿಲ್ಲಿಸಿದಾಗಲೂ ನಾನು ಅದೇ ಲೆಕ್ಕದಲ್ಲಿದ್ದೆ. ಫೋನು ರಿಂಗಾಯಿತು.

"ಹುಡುಗಿಯರು ಹೇಗಿದಾರೆ?"

ಬಾಯಿ ತೆರೆದೆ, ಗ್ರ್ಯಾಂಡ್ ಅನ್ನಲು. ಗಾಜಿನ ಆಚೆ ಆಕೆ ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದು ಕೈಯನ್ನು ಮಡಿಲಲ್ಲಿಟ್ಟು, ಕಾಯುತ್ತಿದ್ದಳು. ಕನ್ನಡಿ ಪಕ್ಕದ ನನ್ನ ಬಿಂದಿ ಸಾಸರ್ ನೆನಪಾಯಿತು.

"ಗ್ರ್ಯಾಂಡ್ ಅಲ್ಲ ನೋರಾ" ಎಂದೆ. "ನಾನು ಸಾಯಿಸಿಬಿಟ್ಟೆ. ಹಲಗೆ, ಜಾಡಿ, ಎಲ್ಲಾ ಬ್ಲೀಚ್ ಹಾಕಿ ತೊಳೆದುಬಿಟ್ಟೆ. ಹದಿಮೂರು ದಿನದಿಂದ ನಿಮಗೆ ಸುಳ್ಳು ಹೇಳ್ತಿದ್ದೆ." ಅಳು ನುಗ್ಗಿ ಬಂತು. ಅಂಗಳದ ನಡುವೆ ಚಿಕ್ಕ ಹುಡುಗಿಯಂತೆ ಅತ್ತೆ. ಅತ್ತು ಮುಗಿದ ಮೇಲೆ ಡಬ್ಬಿ ಎತ್ತಿ ತೋರಿಸಿ ಪದ್ಮಕ್ಕನ ಶೆಡ್ಡಿನ ಕತೆಯನ್ನೂ ಹೇಳಿದೆ.

ನೋರಾ ಡಬ್ಬಿಯನ್ನು ನೋಡಿದಳು. ಆಮೇಲೆ, "ಗೊತ್ತು" ಎಂದಳು.

"ಏನು ಗೊತ್ತು?"

"ನಾನು ಕೂತಿರೋದು ಎಲ್ಲಿ, ಹೇಳು? ಹಲಗೆಗಳನ್ನ ನೀನು ಒರಗಿಸಿಟ್ಟಿದ್ದು ನನ್ನ ಕಿಟಕಿ ಎದುರಿಗೇ. ಬೆಳ್ಳಗೆ ಮೂಳೆ ಹಾಗೆ ಹೊಳೀತಿದ್ವು. ಅವತ್ತೇ ನೋಡಿದೆ."

"ಮತ್ತೆ ಯಾಕೆ ಕೇಳ್ಲಿಲ್ಲ?"

"ದಿನಾ ಕೇಳ್ತಿದ್ನಲ್ಲ!"

"ನಾನು ಹೇಳದೇ ಇದ್ದಿದ್ರೆ?"

"ನಾಳೆನೂ ಕೇಳ್ತಿದ್ದೆ" ಎಂದಳು. "ಚೀಸ್ ಹೋದ್ರೆ ಬೇರೆ ಚೀಸ್ ಮಾಡ್ಬೋದು ವಸಂತಾ. ನೀನು ಹೇಳದೇನೇ ಹೋಗಿದ್ರೆ ನಾನು ಕೋಣೆ ಮುಚ್ಚಿಬಿಡ್ತಿದ್ದೆ. ಹೋಗು, ಆ ಡಬ್ಬೀನ ಬಿಸಿಲಲ್ಲಿ ಹಿಡ್ಕೊಂಡು ನಿಲ್ಬೇಡ."

ಒಳಗೆ ಓಡಿದೆ. ಬೂಷ್ಟು ಹಿಡಿದ ಬಿಲ್ಲೆಗಳನ್ನೆಲ್ಲಾ ಹೊರಗೆ ಹಾಕಿದೆ. ಡಬ್ಬಿಯ ಸಿಪ್ಪೆಯಿಂದ ಒಂದು ಚೂರನ್ನು ಮೊದಲು ಲ್ಯಾಬಿಗೆ ಕಳಿಸಿದೆ, ನಮ್ಮ ಹಳೆಯ ರಾಜಿ ಇತ್ತಲ್ಲ. ಫಲಿತಾಂಶ ಚೆನ್ನಾಗಿದೆ ಎಂದು ಬಂದ ದಿನ ಉಳಿದದ್ದನ್ನು ಹೆರೆದು ಉಪ್ಪುನೀರಿನಲ್ಲಿ ಕದಡಿ ಜಾಡಿಗೆ ಹಾಕಿ, ಹೊಸ ಬಿಲ್ಲೆಗಳಿಗೂ ಹಲಗೆಗಳಿಗೂ ಒರೆಸಿದೆ. ಮೂರನೇ ವಾರ ಒಂದು ಬಿಲ್ಲೆಯ ಅಂಚಿನಲ್ಲಿ ಉಗುರಿನಷ್ಟು ಕಿತ್ತಳೆ ಕಂಡಿತು. ಆ ಬಿಲ್ಲೆಯನ್ನು ಎತ್ತಿಕೊಂಡು ಅಂಗಳಕ್ಕೆ ಓಡಿ ಕಿಟಕಿಗೆ ಹಿಡಿದೆ. ನೋರಾ ಗಾಜಿಗೆ ಮೂಗು ಒತ್ತಿ ನೋಡಿದಳು. ಡೊನಾಲ್ ಕೊಟ್ಟಿಗೆಯಿಂದ ಶಿಳ್ಳೆ ಹೊಡೆದ. ನನ್ನ ಇಪ್ಪತ್ತೊಂದು ವರ್ಷದಲ್ಲಿ ಅದಕ್ಕಿಂತ ದೊಡ್ಡ ದಿನ ಇನ್ನೊಂದಿಲ್ಲ.

ಬೇಸಿಗೆಯಲ್ಲಿ ಆಕೆ ಹೊರಗೆ ಬಂದಾಗ ಮೊದಲು ಮಾಡಿದ್ದು ಮಾಗುವ ಕೋಣೆಯ ಬಾಗಿಲಲ್ಲಿ ನಿಂತು ಮೂಸಿದ್ದು. "ಅಬ್ಬಾ, ಏನು ನಾತ!" ಎಂದು ಖುಷಿಯಿಂದ ಕಣ್ಣು ಮುಚ್ಚಿದಳು. ಖಾಲಿ ಡಬ್ಬಿ ವಾಪಸ್ ಕೊಡಬಾರದೆಂಬ ನಮ್ಮ ಪದ್ಧತಿಯನ್ನು ಹೇಳಿದೆನಲ್ಲ, ಅದು ಆಕೆಗೆ ಬಹಳ ಹಿಡಿಸಿತ್ತು. ತಾನೇ ಕಡೆದ ಬೆಣ್ಣೆಯನ್ನು ಆ ಡಬ್ಬಿಯ ತುಂಬಾ ಒತ್ತಿ ಪದ್ಮಕ್ಕನಿಗೆ ಕಳಿಸಿದಳು. ಪದ್ಮಕ್ಕ ಅದನ್ನು ತುಪ್ಪ ಕಾಯಿಸಿ ಬೀದಿಯವರಿಗೆಲ್ಲಾ ಹೇಳಿಕೊಂಡು ಬಂದರು.

ಅಂದಿನಿಂದ ನಮ್ಮ ಕೆಲಸದ ಕ್ರಮಕ್ಕೆ ಒಂದು ಸಾಲು ಸೇರಿತು: ಪ್ರತಿ ತಿಂಗಳು ಒಂದು ಮಾಗಿದ ಬಿಲ್ಲೆ ಪದ್ಮಕ್ಕನ ಶೆಡ್ಡಿಗೆ, ಹುಲ್ಲು ಕತ್ತರಿಸುವ ಮಷೀನಿನ ಪಕ್ಕಕ್ಕೆ. "ನನ್ನ ಕರ್ಮ" ಎನ್ನುತ್ತಲೇ ಜಾಗ ಬಿಡುತ್ತಾರೆ. ಇವತ್ತಿಗೂ ತಿಂದಿಲ್ಲ.

ಈಗ ನನ್ನ ಜಾಗದಲ್ಲಿ ರೇಖಾ ಇದ್ದಾಳೆ. ದಾವಣಗೆರೆಯವಳು, ಎರಡು ಮಕ್ಕಳ ತಾಯಿ, ಬಲು ಚುರುಕು. ಅವಳಿಗೂ ಡಿಗ್ರಿ ಇದೆ. ಬೀಗದ ಕೈ ಅವಳ ಅಂಗೈಯಲ್ಲಿಡುವಾಗ ನಾನು ಬುದ್ಧಿಮಾತು ಹೇಳಲು ಹೋಗಲಿಲ್ಲ. ಹೇಳಿದರೆ ಯಾರು ಕೇಳುತ್ತಾರೆ, ನಾನು ಕೇಳಿದ್ದೆನೇ? ಶುಕ್ರವಾರ ಬೆಳಿಗ್ಗೆ ಫೋನ್ ಮಾಡುತ್ತೇನೆ, ಅಷ್ಟೇ.

"ಹುಡುಗಿಯರು ಹೇಗಿದಾರೆ ರೇಖಾ?"

"ಗ್ರ್ಯಾಂಡ್ ಮೇಡಂ, ಎಲ್ಲಾ ಗ್ರ್ಯಾಂಡ್."

ನಾನು ಫೋನಿಡುವುದಿಲ್ಲ. ಇನ್ನೊಂದು ಸಲ ಕೇಳುತ್ತೇನೆ.